ಜ್ವರ ಬಿಟ್ಟವರ ಕಣ್ಣನ್ನು ಯಾರೂ ವಿಚಾರಿಸುವುದಿಲ್ಲ

ಇಂದು ಬೆಳಿಗ್ಗೆ ನಮ್ಮ ಔಷಧ ಅಂಗಡಿಗೆ ಜಗಳೂರು ಕಡೆಯ ದಂಪತಿ ಬಂದಿದ್ದರು. “ಅಣ್ಣಾ, ಇವಳ ಕಣ್ಣು ಮಂಜಾಗ್ಯಾವೆ, ಯಾವುದಾದ್ರೂ ಡ್ರಾಪ್ಸ್ ಕೊಡ್ರಿ” ಎಂದರು ಗಂಡ. ಆಕೆ ಅಂಗನವಾಡಿ ಕಾರ್ಯಕರ್ತೆ. ಡೆಂಗಿಯಿಂದ ಆಸ್ಪತ್ರೆ ಸೇರಿ ಈಚೆಗಷ್ಟೇ ಮನೆಗೆ ಮರಳಿದವರು. ಕೈಗೊಂದು ಮಾತ್ರೆಯ ಸ್ಟ್ರಿಪ್ ಕೊಟ್ಟು ಓದಲು ಹೇಳಿದೆ. ಆಕೆ ಮುಖವನ್ನು ತುಸು ಓರೆ ಮಾಡಿಕೊಂಡು ನೋಡಿದರು. ಅಂಚಿನಲ್ಲಿರುವ ಬೆಲೆ, ದಿನಾಂಕ ಕಾಣುತ್ತವೆ, ಔಷಧದ ಹೆಸರಿರುವ ನಡುಭಾಗದಲ್ಲಿ ಮಾತ್ರ ಬೂದು ಮಚ್ಚೆ ಕುಳಿತಿದೆ, ಎತ್ತ ನೋಡಿದರೂ ಅದೇ ಎದುರಿಗೆ ಬರುತ್ತದೆ ಎಂದರು. ನಾನು ಹನಿ ಕೊಡಲಿಲ್ಲ. ತಕ್ಷಣ ಕಣ್ಣಿನ ವೈದ್ಯರ ಬಳಿಗೆ ಕಳುಹಿಸಿದೆ.

ಆಗಿನಿಂದ ಸಿಟ್ಟು ಇಳಿದಿಲ್ಲ. ಅವರ ಡಿಸ್ಚಾರ್ಜ್ ಚೀಟಿಯಲ್ಲಿ ಪ್ರತಿದಿನದ ಪ್ಲೇಟ್‌ಲೆಟ್ ಸಂಖ್ಯೆ ಕೆಂಪು ಶಾಯಿಯಲ್ಲಿದೆ, ಎಷ್ಟು ನೀರು ಕುಡಿಯಬೇಕೆಂಬುದಿದೆ, ಮತ್ತೆ ಜ್ವರ ಬಂದರೆ ಬರಬೇಕೆಂದಿದೆ. ಕಣ್ಣಿನ ಬಗ್ಗೆ ಒಂದಕ್ಷರವಿಲ್ಲ. ಮಳೆಗಾಲ ಶುರುವಾಯಿತೆಂದರೆ ದಾವಣಗೆರೆಯ ಔಷಧ ಅಂಗಡಿಗಳಲ್ಲಿ ಪಪ್ಪಾಯಿ ಎಲೆಯ ಮಾತ್ರೆಯನ್ನು ಎಲ್ಲರೂ ಕೇಳುತ್ತಾರೆ. ಪ್ಲೇಟ್‌ಲೆಟ್ ಎಷ್ಟಾಯಿತೆಂದು ನೆಂಟರು, ನೆರೆಯವರು, ಕೆಲಸ ಮಾಡುವ ಕಡೆಯವರು ಫೋನ್ ಮಾಡಿ ವಿಚಾರಿಸುತ್ತಾರೆ. ಅಕ್ಷರ ಸರಿಯಾಗಿ ಕಾಣುತ್ತಿದೆಯೇ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ಇಂಥ ಜ್ವರ ಕಣ್ಣಿಗೂ ತೊಂದರೆ ಕೊಡುವುದು ಹೊಸ ಸಂಗತಿಯೇನಲ್ಲ. ಡೆಂಗಿಯಲ್ಲಿ ಜ್ವರ ಶುರುವಾಗಿ ಸುಮಾರು ಒಂದು ವಾರಕ್ಕೆ, ಪ್ಲೇಟ್‌ಲೆಟ್ ತೀರಾ ಕೆಳಗಿಳಿದಿರುವ ಹೊತ್ತಿನಲ್ಲೇ, ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ) ನಡುಭಾಗದಲ್ಲಿ ಊತವೋ ರಕ್ತಸ್ರಾವವೋ ಕಾಣಿಸಿಕೊಳ್ಳಬಹುದು. ಚಿಕೂನ್‌ಗುನ್ಯಾದಲ್ಲಿ ಕಣ್ಣಿನ ಒಳಪದರಗಳ ಉರಿಯೂತ ಜ್ವರ ಹೋಗಿ ವಾರಗಳಾದ ಮೇಲೂ ಬರಬಹುದು. 2006ರಲ್ಲಿ ದೇಶದಲ್ಲಿ ದಾಖಲಾದ 13 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವೇ ಆಗಿದ್ದವು. ಆ ಅಲೆಯ ನಂತರ ದಕ್ಷಿಣ ಭಾರತದ ನೇತ್ರತಜ್ಞರು ಇಂಥ ಕಣ್ಣುಗಳ ಬಗ್ಗೆ ವಿವರವಾಗಿ ಬರೆದರು. ಆ ತಿಳಿವಳಿಕೆ ಇನ್ನೂ ನಮ್ಮ ಡಿಸ್ಚಾರ್ಜ್ ಚೀಟಿಯವರೆಗೆ ಬಂದಿಲ್ಲ.

ಎಬೋಲಾ ಎಂಬ ಮಾರಕ ವೈರಸ್ ಜ್ವರದ ಉದಾಹರಣೆ ಜಗತ್ತಿಗೇ ಗೊತ್ತಿದೆ. 2014ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಸೋಂಕು ತಗುಲಿದ ವೈದ್ಯ ಇಯಾನ್ ಕ್ರೋಜಿಯರ್ ಅವರು ಅಮೆರಿಕದಲ್ಲಿ ಚಿಕಿತ್ಸೆ ಪಡೆದು, ರಕ್ತದಲ್ಲಿ ವೈರಸ್ ಇಲ್ಲವೆಂದು ಖಚಿತವಾಗಿ ಮನೆಗೆ ಹೋದರು. ಸುಮಾರು ಎರಡು ತಿಂಗಳ ನಂತರ ಅವರ ಎಡಗಣ್ಣಿನ ದ್ರವದಲ್ಲಿ ಅದೇ ವೈರಸ್ ಸಿಕ್ಕಿತು, ನೀಲಿಯಾಗಿದ್ದ ಆ ಕಣ್ಣು ಕೆಲಕಾಲ ಹಸಿರಿಗೆ ತಿರುಗಿತು. ಲೈಬೀರಿಯಾದಲ್ಲಿ ಬದುಕುಳಿದವರನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಒಬ್ಬರಷ್ಟು ಜನರಲ್ಲಿ ಕಣ್ಣಿನೊಳಗಿನ ಉರಿಯೂತ ಕಂಡುಬಂತು. ಡೆಂಗಿ ಬೇರೆ ಕಾಯಿಲೆ, ಅದು ಕಣ್ಣಿಗೆ ತೊಂದರೆ ಕೊಡುವ ಬಗೆಯೂ ಬೇರೆ. ಆದರೆ ಜ್ವರ ಇಳಿದ ಮಾತ್ರಕ್ಕೆ ಕಾಯಿಲೆ ಮುಗಿಯಿತೆಂದು ಫೈಲು ಮುಚ್ಚುವಂತಿಲ್ಲ ಎಂಬುದು ಎರಡಕ್ಕೂ ಅನ್ವಯಿಸುತ್ತದೆ.

ವಾರ್ಡು ತುಂಬಿರುವಾಗ ವೈದ್ಯರು ಮೊದಲು ಜೀವ ಉಳಿಸಬೇಕು, ಅಪರೂಪದ ತೊಂದರೆ ಹೇಳಿ ಜನರನ್ನು ಹೆದರಿಸಬಾರದು ಎಂದು ಮಿತ್ರರೊಬ್ಬರು ವಾದಿಸಿದರು. ಬಹಳ ಜನರ ದೃಷ್ಟಿ ವಾರಗಳಲ್ಲೋ ತಿಂಗಳುಗಳಲ್ಲೋ ಸುಧಾರಿಸುತ್ತದೆ ಎಂಬುದೂ ನಿಜ. ಆದರೆ ಕೆಲವರಲ್ಲಿ ಆ ಮಚ್ಚೆ ಹಾಗೆಯೇ ಉಳಿಯುತ್ತದೆ. ಮುಂದೆ ಪೂರ್ತಿ ವಾಸಿಯಾಗುವವರು ಯಾರು, ಆಗದವರು ಯಾರು ಎಂಬುದು ಅಂಗಡಿಯ ಕೌಂಟರಿನಲ್ಲಿ ನಿಂತು ತಿಳಿಯುವ ವಿಷಯವಲ್ಲ. ಪಾಪೆ ಹಿಗ್ಗಿಸಿ ಒಳಗೆ ನೋಡಬೇಕು, ಅಗತ್ಯವಿದ್ದರೆ ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್ ಮಾಡಬೇಕು. ಏನೂ ಹೇಳದೆ ಕಳುಹಿಸಿದ್ದರಿಂದಲೇ ಜನ ಸ್ಟಿರಾಯ್ಡ್ ಹನಿಯನ್ನು ಚೀಟಿಯಿಲ್ಲದೆ ಕೇಳುತ್ತಾರೆ, ಕೊಡುವವರೂ ಇದ್ದಾರೆ, ಅದರಿಂದ ಕಣ್ಣಿನ ಒತ್ತಡ ಏರಿದರೆ ಇನ್ನೊಂದು ಕಾಯಿಲೆ ಹತ್ತಿಕೊಳ್ಳುತ್ತದೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆಶಾ ಕಾರ್ಯಕರ್ತೆಯರು ಮನೆಮನೆಯ ಡ್ರಮ್ಮು, ತೊಟ್ಟಿಗಳಲ್ಲಿ ಲಾರ್ವಾ ಹುಡುಕುತ್ತಾರೆ. ಆ ಶ್ರಮಕ್ಕೆ ನನ್ನ ಗೌರವವಿದೆ. ಜಿಲ್ಲೆಯ ಆಸ್ಪತ್ರೆಗಳಿಂದ ನಾನು ಕೇಳುವುದು ಡಿಸ್ಚಾರ್ಜ್ ಚೀಟಿಯ ಕೆಳಗೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಇಷ್ಟನ್ನು ಅಚ್ಚು ಹಾಕಿಸಿ ಎಂದು ಮಾತ್ರ: “ಜ್ವರ ಬಿಟ್ಟ ನಂತರದ ವಾರಗಳಲ್ಲಿ ದೃಷ್ಟಿ ಮಂಜಾದರೆ, ನಡುವೆ ಮಚ್ಚೆ ಕಂಡರೆ, ಗೆರೆಗಳು ಸೊಟ್ಟಗೆ ಕಂಡರೆ, ಕಣ್ಣು ಕೆಂಪಾಗಿ ನೋವಿದ್ದರೆ, ಹನಿ ಕೊಳ್ಳದೆ ಅದೇ ದಿನ ನೇತ್ರವೈದ್ಯರನ್ನು ಕಾಣಿರಿ.”