ಜಪಾನಿನ ಶಾಲೆಗಳಲ್ಲಿ ಕೆಲಸದವರು ಇದ್ದಾರೆ, ಪರೀಕ್ಷೆಯೂ ಇದೆ

ಜಪಾನಿನ ಶಾಲೆ ನೋಡಿಬಂದ ವಿದೇಶಿ ಶಿಕ್ಷಕರೊಬ್ಬರ ಅನುಭವ ಅಂತ ಒಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅಲ್ಲಿ ಶಾಲೆಗೆ ಕೆಲಸದವರೇ ಇಲ್ಲವಂತೆ, ಮಕ್ಕಳಿಗೆ ಪರೀಕ್ಷೆಯ ಚಿಂತೆಯೂ ಇಲ್ಲವಂತೆ. ಇದು ಪೂರ್ತಿ ಸರಿಯಲ್ಲ.

ಮಕ್ಕಳು ಗುಡಿಸಿ ಒರೆಸುವುದು ನಿಜ. ಡೆಸ್ಕುಗಳನ್ನು ಹಿಂದಕ್ಕೆ ತಳ್ಳಿ, ಒದ್ದೆ ಬಟ್ಟೆ ನೆಲಕ್ಕೆ ಒತ್ತಿ, ಬಗ್ಗಿಕೊಂಡೇ ಉದ್ದಕ್ಕೂ ಓಡುತ್ತಾರೆ. ನೋಡೋಕೆ ಬಹಳ ಚೆಂದ. ಆದರೆ ರಿಪೇರಿ, ಗಿಡಮರ ನೋಡಿಕೊಳ್ಳುವ ಸಿಬ್ಬಂದಿ ಅಲ್ಲೂ ಇದ್ದಾರೆ. ಅವರನ್ನು 'ಯೋಮುಇನ್' ಅನ್ನುತ್ತಾರೆ. ಅವರ ದುಡಿಮೆಯನ್ನು ಸುಮ್ನೆ ಅಳಿಸಿಹಾಕುವುದು ತಪ್ಪಲ್ವಾ?

ಪರೀಕ್ಷೆಯ ಮಾತಂತೂ ಶುದ್ಧ ಸುಳ್ಳು. ಕಡ್ಡಾಯ ಶಿಕ್ಷಣದ 9 ವರ್ಷ ಮುಗಿಯುವಾಗ, ಸುಮಾರು 15ನೇ ವಯಸ್ಸಿಗೆ, ಹೈಸ್ಕೂಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕಾಗಿ ಎಷ್ಟೋ ಮಕ್ಕಳು ಸಂಜೆ 'ಜುಕು' ಎಂಬ ಟ್ಯೂಷನ್‌ಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ.