ಕಾಕಾ ಮ್ಯಾನೇಜರ್ ಆದರು

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಯಾರ ಕೈಯಲ್ಲಿ ಕೆಲಸ ಚೆನ್ನಾಗಿದೆಯೋ, ಆ ಕೈಯಿಂದಲೇ ಮೊದಲು ಕೆಲಸ ಬಿಡಿಸುತ್ತಾರೆ. ಅದಕ್ಕೆ ಪ್ರಮೋಶನ್ ಎನ್ನುತ್ತಾರೆ.

ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಎಲ್ಲರೂ ಕಾಕಾ ಅಂತ ಕರೆಯುವ ಮೋಲ್ಡರ್ ಇದ್ದರು, ಅಂದರೆ ಉಸುಕಿನಲ್ಲಿ ಅಚ್ಚು ಕಟ್ಟುವವರು. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ನೋಡುತ್ತಿದ್ದರು. ಉಂಡೆಯ ಮೇಲೆ ಬೆರಳಿನ ಗುರುತು ಮೂಡಬೇಕು, ಮುರಿದರೆ ಅಂಚು ಉದುರಬಾರದು. ಕೈಗೆ ಮೆತ್ತಿಕೊಂಡರೆ ನೀರು ಜಾಸ್ತಿ. ಅಂಥ ಅಚ್ಚಿಗೆ ಕರಗಿದ ಕಬ್ಬಿಣ ಸುರಿದರೆ ನೀರು ಆವಿಯಾಗಿ ಎರಕದ ಹೊಟ್ಟೆಯಲ್ಲಿ ತೂತು. ಮಾಲು ನೇರ ಸ್ಕ್ರ್ಯಾಪಿಗೆ. ಕಾಕಾ ಇದ್ದಾಗ ಆ ರಾಶಿ ಮೊಣಕಾಲು ದಾಟುತ್ತಿರಲಿಲ್ಲ.

ಇಂಥವರು ಉಸುಕಿನಲ್ಲೇ ಉಳಿದರೆ ಹೇಗೆ, ಬೆಳೆಯಬೇಡವೇ? ಬೆಳೆಸಿದರು. ಗಾಜಿನ ಕ್ಯಾಬಿನ್, ಏಸಿ, ವಿಸಿಟಿಂಗ್ ಕಾರ್ಡ್, ಕೈಗೆ ಮೌಸ್. ಊರೆಲ್ಲ ಕುಂದಾ ಹಂಚಿದ್ದೂ ಆಯಿತು.

ಮೊದಲು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದರೆ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಸಿಗುತ್ತಿತ್ತು. ಮ್ಯಾನೇಜರ್‌ಗೆ ಅದೆಲ್ಲಿ? ರಾತ್ರಿ ಹತ್ತಾದರೂ ಕೂತಿದ್ದರೆ ಅದು ‘ಓನರ್‌ಶಿಪ್’. ಓನರ್ ಮಾತ್ರ ಆರಕ್ಕೇ ಮನೆ ಸೇರಿರುತ್ತಾರೆ.

ಹೊಟ್ಟೆ ಮತ್ತು ಬಿಪಿ ಕೂಡ ಬೆಳೆದವು. ಆದರೆ ಸುಮ್ನೆ ನಗಬೇಡಿ. ಮಗಳ ಬಯೋಡೇಟಾದಲ್ಲಿ ‘ತಂದೆ: ಮೋಲ್ಡರ್’ ಅಂತಿದ್ದಾಗ ಗಂಡಿನ ಕಡೆಯವರು ಫೋನೇ ಎತ್ತುತ್ತಿರಲಿಲ್ಲ. ‘ಮ್ಯಾನೇಜರ್’ ಅಂತಾದ ಮೇಲೆ ಅವರೇ ಮಾಡುತ್ತಿದ್ದಾರೆ. ಪ್ರಮೋಶನ್ ಬೇಕು ಅನ್ನುವ ಆಸೆ ಅರ್ಧ ಹುಟ್ಟುವುದೇ ಇಲ್ಲಿ ಅಂತ ನನ್ನ ಗುಮಾನಿ.

ಹೋಟೆಲಿನಲ್ಲಿ ಲೀಡರ್‌ಶಿಪ್ ಟ್ರೇನಿಂಗೂ ಆಯಿತು. ಭಟ್ಟಿಯನ್ನೇ ಕಾಣದ ಟ್ರೇನರ್ ಬಲೂನು ಊದಿಸಿ, ಒಡೆಸಿ, ತಂಡ ಕಟ್ಟುವುದು ಕಲಿಸಿದರು. ಮರುದಿನ ಮೋಲ್ಡಿಂಗ್ ಹುಡುಗ ಕ್ಯಾಬಿನ್ ಬಾಗಿಲಿಗೆ ಬಂದ.

“ಕಾಕಾ... ಅಲ್ಲರಿ, ಸಾಹೇಬ್ರ, ಉಸುಕು ಭಾಳ ಹಸಿ ಆಗೈತ್ರಿ. ಒಮ್ಮೆ ಕೈ ಹಾಕಿ ನೋಡ್ರಿ.”

ಕಾಕಾ ಅರ್ಧ ಎದ್ದರು. ಮತ್ತೆ ಕೂತರು. “ಹಂಗ ಎಲ್ಲಾದ್ರಾಗೂ ಕೈ ಹಾಕಬ್ಯಾಡ್ರಿ ಅಂದಾರಪ್ಪ ಟ್ರೇನಿಂಗದಾಗ. ನೀ ಒಂದು ಮೇಲ್ ಹಾಕು.”

ಹುಡುಗನಿಗೆ ಮೇಲ್ ಐಡಿಯೇ ಇಲ್ಲ. ಅಚ್ಚಿಗೆ ಕಬ್ಬಿಣ ಬಿತ್ತು.

ಸ್ಕ್ರ್ಯಾಪ್ ರಾಶಿ ಎದೆಮಟ್ಟ ಬಂದಾಗ ಮೀಟಿಂಗ್ ಕರೆದರು. ಕಾಕಾ ತಾವೇ ಸ್ಲೈಡ್ ಮಾಡಿದ್ದರು, ಬಣ್ಣದ ಬಾಣಗಳೂ ಇದ್ದವು. ಮೂರು ತಾಸು ಚರ್ಚೆಯಾಗಿ ಕಾರಣ ಸಿಕ್ಕಿತು: ಉಸುಕು ನೋಡಲು ಕೆಳಗೆ ಅನುಭವಸ್ಥರಿಲ್ಲ. ಇದ್ದವನು ಆ ಹುಡುಗ ಒಬ್ಬನೇ. ಹಸಿ ಆಗಿದೆ ಅಂತ ಮೊದಲೇ ಹೇಳಿದ್ದ ಎಂಬುದೂ ಬಯಲಾಯಿತು.

ಎಲ್ಲರಿಗೂ ಖುಷಿಯಾಯಿತು. ಅವನನ್ನು ಒಂದನೇ ತಾರೀಖಿನಿಂದ ಅಸಿಸ್ಟೆಂಟ್ ಮ್ಯಾನೇಜರ್ ಮಾಡಿದ್ದಾರೆ. ಮೇಲ್ ಐಡಿಯನ್ನೂ ಕೊಟ್ಟಿದ್ದಾರೆ.