ಯಾರದು ಅಂತ ಕೇಳುವಷ್ಟು ಹೊತ್ತು

ಕಳೆದ ನವೆಂಬರಿನ ಒಂದು ಬೆಳಿಗ್ಗೆ ನಮ್ಮ ಅಪ್ಪ ಬೇರೆಯವರ ಮನೆ ಬಾಗಿಲನ್ನು ನಮ್ಮದೇ ಅಂದುಕೊಂಡು ತೆಗೆಯಲು ಹೋದರು. ಇನ್ನೂ ಆರು ಗಂಟೆಯಾಗಿರಲಿಲ್ಲ. ಪೂರ್ತಿ ಕತ್ತಲು. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಪಕ್ಕದ ನಮ್ಮ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಥರ ಇವೆ. ಅದೇ ಇಟ್ಟಿಗೆ, ಅದೇ ಗ್ಯಾರೇಜು, ಅದೇ ಬಣ್ಣದ ಬಾಗಿಲು. ವಾಕಿಂಗ್ ಮುಗಿಸಿದ ಅಪ್ಪ ಒಂದು ರಸ್ತೆ ಮುಂಚೆಯೇ ತಿರುಗಿಬಿಟ್ಟಿದ್ದರು. ತಲೆಗೆ ಮಂಕಿ ಟೋಪಿ, ಕೈಯಲ್ಲಿ ಬ್ಯಾಟರಿ. ಬಾಗಿಲ ಹಿಡಿಯನ್ನು ಎರಡು ಸಲ ತಿರುಗಿಸಿದ್ದಾರೆ. ತೆರೆಯಲಿಲ್ಲ. ಆಮೇಲೆ ಬಡಿದು ನನ್ನ ಹೆಸರು ಹಿಡಿದು ಕೂಗಿದ್ದಾರೆ.

ಊರಿನಲ್ಲಿ ಮಂಕಿ ಟೋಪಿ ಅಂದರೆ ವಾಕಿಂಗ್ ಹೊರಟ ಹಿರಿಯರು. ಇಲ್ಲಿ ಅದು ಮುಖ ಮುಚ್ಚಿಕೊಂಡು ಬಂದ ಮನುಷ್ಯ.

ಒಳಗಿದ್ದವರು ಬಾಗಿಲ ಗಂಟೆಯ ಸ್ಪೀಕರಿನಲ್ಲಿ "ಯಾರು ನೀವು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಗಾಬರಿಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವರು ಇನ್ನೊಮ್ಮೆ ಕೇಳಿದರು. ಹೊರಗಿನ ದೀಪ ಹಾಕಿದರು. ಟೋಪಿಯೊಳಗೆ ಎಪ್ಪತ್ತನಾಲ್ಕು ವರ್ಷದ ಮುಖ ಕಂಡಿತು. ಬಾಗಿಲು ತೆರೆದು, ನೀರು ಕೊಟ್ಟು, ಅಪ್ಪನ ಫೋನಿನಿಂದ ನನಗೆ ಕರೆ ಮಾಡಿದರು. ಒಳ್ಳೆಯ ಮನುಷ್ಯ. ಒಂದು ವಾರ ಬಿಟ್ಟು ನಾನು ಸಿಹಿ ತೆಗೆದುಕೊಂಡು ಹೋದಾಗ ಸಂಕೋಚದಿಂದಲೇ ಒಂದು ಮಾತು ಹೇಳಿದರು. ಆ ಬೆಳಿಗ್ಗೆ ಬಾಗಿಲ ಹಿಂದೆ ನಿಂತಿದ್ದಾಗ ಅವರ ಕೈಯಲ್ಲಿ ಗುಂಡು ತುಂಬಿದ ಪಿಸ್ತೂಲು ಇತ್ತಂತೆ.

ಆ ಮಾತು ಕೇಳಿದ ಮೇಲೆ ನಾನು ಈ ವಿಷಯವನ್ನು ಮೊದಲಿನ ಹಾಗೆ ಯೋಚಿಸಲು ಆಗಿಲ್ಲ. ಯಾಕೆಂದರೆ ಅದಕ್ಕೆ ಎರಡು ತಿಂಗಳ ಹಿಂದೆ ನಾನೇ ಒಂದು ಪಿಸ್ತೂಲು ಕೊಳ್ಳಲು ಹೊರಟಿದ್ದೆ.

ಕಾರಣ ಇತ್ತು. ಗೌರಿ ಹಬ್ಬದ ಸಂಜೆ ಪರಿಚಯದವರೊಬ್ಬರ ಮನೆಗೆ ಕಳ್ಳರು ನುಗ್ಗಿ ಒಡವೆಯೆಲ್ಲ ಹೊತ್ತುಕೊಂಡು ಹೋದರು. ಮನೆಯವರು ಹೊರಗೆ ಹೋಗಿದ್ದರು, ಪುಣ್ಯ. ನಮ್ಮವರ ಮನೆಯಲ್ಲಿ ಚಿನ್ನ ಇರುತ್ತದೆ ಎನ್ನುವುದು ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. 2011ರಿಂದ 2014ರವರೆಗೆ ಒಂದು ತಂಡ ಭಾರತೀಯರ, ಏಷ್ಯಾದವರ ಮನೆಗಳನ್ನೇ ಹುಡುಕಿಕೊಂಡು ಹಲವು ರಾಜ್ಯಗಳಲ್ಲಿ ದರೋಡೆ ಮಾಡಿತ್ತು. ಬಂದೂಕು ತೋರಿಸಿ, ಮನೆಯವರನ್ನು ಕಟ್ಟಿಹಾಕುತ್ತಿದ್ದರು. ಆ ತಂಡದ ಮುಂದಾಳು ನಮ್ಮ ಹ್ಯೂಸ್ಟನ್ನಿನವಳೇ. 2019ರಲ್ಲಿ ಮಿಷಿಗನ್ನಿನ ಫೆಡರಲ್ ಕೋರ್ಟು ಅವಳಿಗೆ 37 ವರ್ಷ ಶಿಕ್ಷೆ ಕೊಟ್ಟಿತು. ಹಾಗಾಗಿ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಹೆದರಿದವರನ್ನು ನೋಡಿ ನಗುವುದು ನನಗೆ ಇಷ್ಟವಿಲ್ಲ.

"ನೀನೂ ಒಂದು ತಗೋ ಮಾರಾಯ, ಗ್ರೀನ್ ಕಾರ್ಡ್ ಬಂದಿದೆಯಲ್ಲ" ಎಂದು ಗೆಳೆಯರು ಹೇಳಿದರು. ಗೊತ್ತಿಲ್ಲದವರಿಗೆ ಒಂದು ಮಾತು: ಕೆಲಸಕ್ಕೆಂದು ಕೊಡುವ ಹೆಚ್-1ಬಿ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಇಲ್ಲಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಮುಂತಾದ ಕೆಲವು ವಿನಾಯಿತಿ ಉಂಟು. ಗ್ರೀನ್ ಕಾರ್ಡ್, ಅಂದರೆ ಕಾಯಂ ಆಗಿ ಇರುವ ಅನುಮತಿ, ಬಂದವರಿಗೆ ಈ ಅಡ್ಡಿ ಇಲ್ಲ. ಅಂಗಡಿಗೆ ಹೋಗಿ, ಫಾರಂ ತುಂಬಿ, ಅಲ್ಲೇ ಹಿನ್ನೆಲೆ ತಪಾಸಣೆ ಮುಗಿಸಿ, ಎಷ್ಟೋ ಸಲ ಅದೇ ದಿನ ಪಿಸ್ತೂಲು ಹಿಡಿದು ಮನೆಗೆ ಬರಬಹುದು.

ನಮ್ಮ ಊರಿನ ಕೋವಿ ನೆನಪಾಗುವುದು ಇಲ್ಲೇ. ನಾನು ಕೊಪ್ಪದ ಕಡೆಯವನು. ಅಡಿಕೆ ತೋಟದ ನಡುವೆ ಒಂಟಿ ಮನೆ. ಪಕ್ಕದ ಮನೆ ಅಂದರೆ ಅರ್ಧ ಮೈಲಿ ದೂರ. ಅಜ್ಜನ ಹತ್ತಿರ ಜೋಡುನಳಿಗೆ ಕೋವಿ ಇತ್ತು. ಲೈಸೆನ್ಸ್ ಇದ್ದದ್ದು ಬೆಳೆ ರಕ್ಷಣೆಗೆ. ಹಂದಿ ಓಡಿಸಲು, ಮಂಗ ಹೆದರಿಸಲು. ಆ ಲೈಸೆನ್ಸಿಗೆ ಅರ್ಜಿ, ಪೊಲೀಸ್ ವಿಚಾರಣೆ, ಮತ್ತೆ ಮತ್ತೆ ನವೀಕರಣ. ಚುನಾವಣೆ ಬಂತು ಅಂದರೆ ಕೋವಿ ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ಬರಬೇಕು. ಅಜ್ಜ ಗೊಣಗುತ್ತಿದ್ದರು, ಆದರೆ ಇಟ್ಟು ಬರುತ್ತಿದ್ದರು. ಕೋವಿ ಒಳಕೋಣೆಯ ಗೋಡೆಯ ಮೇಲೆ, ಕಾಡತೂಸು ದೇವರ ಕೋಣೆಯ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಕೀಲಿ ಅಜ್ಜಿಯ ಸೊಂಟದಲ್ಲಿ.

ರಾತ್ರಿ ನಾಯಿ ಬೊಗಳಿದರೆ ಅಜ್ಜ ಕೋವಿಗೆ ಕೈ ಹಾಕಿದ್ದನ್ನು ನಾನು ನೋಡಿಲ್ಲ. ಮೊದಲು ನಾಯಿಯ ದನಿ ಕೇಳುತ್ತಿದ್ದರು. ಹಂದಿಗೆ ಬೊಗಳುವ ದನಿ ಬೇರೆ, ಮನುಷ್ಯರಿಗೆ ಬೊಗಳುವ ದನಿ ಬೇರೆ. ಮನುಷ್ಯರು ಅನ್ನಿಸಿದರೆ ಜಗಲಿಗೆ ಬಂದು ಬ್ಯಾಟರಿ ಬಿಟ್ಟು, "ಯಾರದು?" ಎಂದು ಜೋರಾಗಿ ಕೂಗುತ್ತಿದ್ದರು. ಕತ್ತಲಿನಿಂದ "ನಾನೇ, ಕೆಳಮನೆಯವನು" ಎಂದು ಉತ್ತರ ಬರುತ್ತಿತ್ತು. ಯಾರಿಗೋ ಹೆರಿಗೆ ನೋವು, ಯಾರಿಗೋ ಹಾವು ಕಚ್ಚಿದೆ, ಇಲ್ಲವೇ ಕೊನೆಯ ಬಸ್ಸು ತಪ್ಪಿಸಿಕೊಂಡ ನೆಂಟರು. ರಾತ್ರಿ ಬಾಗಿಲಿಗೆ ಬಂದವರು ಹೆಚ್ಚಾಗಿ ಕಷ್ಟದಲ್ಲಿ ಇದ್ದವರೇ.

ಊರಿನಲ್ಲಿ ಎಲ್ಲ ಸರಿ ಇತ್ತು ಎಂದು ನಾನು ಹೇಳುತ್ತಿಲ್ಲ. ಮಲೆನಾಡಿನ ಒಂಟಿ ಮನೆಗಳಲ್ಲಿ ವಯಸ್ಸಾದವರನ್ನು ಕಟ್ಟಿಹಾಕಿ ದೋಚಿದ ಸುದ್ದಿ ಬರುತ್ತಲೇ ಇರುತ್ತದೆ. ಶಿಕಾರಿಗೆ ಹೋದವರು ಹಂದಿ ಅಂದುಕೊಂಡು ಜೊತೆಯವನಿಗೇ ಈಡು ಹೊಡೆದ ಸುದ್ದಿಯೂ ಬರುತ್ತದೆ. ಕತ್ತಲಲ್ಲಿ ಅಲುಗಾಡಿದ್ದೆಲ್ಲ ಹಂದಿಯ ಹಾಗೇ ಕಾಣುತ್ತದೆ. ಅನುಭವ ಇರುವವರಿಗೂ ಹಾಗೇ.

ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತಾರೆ. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಆ ಸದ್ದು ಊರಿಗೆ ಸುದ್ದಿ ಮುಟ್ಟಿಸುತ್ತದೆ, ನೆರೆಯವರು ಆ ಮನೆಗೆ ಬರುತ್ತಾರೆ. ಕೋವಿಯ ಸದ್ದು ಜನರನ್ನು ಹತ್ತಿರ ಕರೆಯುವ ಕೆಲಸವನ್ನೂ ಮಾಡುತ್ತದೆ ಎನ್ನುವುದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಇಲ್ಲಿನವರ ಲೆಕ್ಕ ಬೇರೆ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯಲ್ಲಿ ಬಂದೂಕು ಇರುವ ಅಮೆರಿಕನ್ನರಲ್ಲಿ 72% ಜನ ಅದನ್ನು ಇಟ್ಟುಕೊಳ್ಳಲು ರಕ್ಷಣೆಯೇ ದೊಡ್ಡ ಕಾರಣ ಎಂದಿದ್ದಾರೆ. ಬೇಟೆ ಆಮೇಲಿನದು. 2008ರ ಹೆಲ್ಲರ್ ತೀರ್ಪಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಸ್ವಂತ ರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು ಎಂದಿತು. ಟೆಕ್ಸಾಸಿನಲ್ಲಿ 2007ರ ಕಾನೂನಿನ ಪ್ರಕಾರ, ಯಾರಾದರೂ ಅಕ್ರಮವಾಗಿ, ಬಲ ಹಾಕಿ ನಿಮ್ಮ ಮನೆಗೆ ನುಗ್ಗಿದರೆ ಹಿಂದೆ ಸರಿಯಬೇಕಾದ ಕಟ್ಟುಪಾಡು ನಿಮಗಿಲ್ಲ. ನೀವು ಗುಂಡು ಹಾರಿಸಿದ್ದು ಸಕಾರಣ ಎಂದೇ ಕಾನೂನು ಮೊದಲು ನಂಬುತ್ತದೆ. ಇದನ್ನು ಕ್ಯಾಸಲ್ ಡಾಕ್ಟ್ರಿನ್ ಎನ್ನುತ್ತಾರೆ. ಮನೆಯೇ ಕೋಟೆ ಎಂಬ ಮಾತು.

ನಮ್ಮ ದೇಶದಲ್ಲಿ ಕಳ್ಳನ ಮೈ ಮುಟ್ಟಿದರೂ ನಮ್ಮ ಮೇಲೇ ಕೇಸು ಎಂದು ನಮ್ಮವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ ನೋಡಿ. ದರೋಡೆ ಆಗುತ್ತಿದ್ದರೆ, ರಾತ್ರಿ ಹೊತ್ತು ಮನೆ ಮುರಿದು ನುಗ್ಗಿದರೆ, ಆಸ್ತಿ ಕಾಪಾಡಿಕೊಳ್ಳುವಾಗ ಪ್ರಾಣ ತೆಗೆಯುವವರೆಗೂ ಹಕ್ಕು ಇದೆ. ಹಳೆಯ ಐಪಿಸಿಯಲ್ಲೂ ಇತ್ತು. ಜೊತೆಗೆ 37ನೇ ಕಲಂ ಒಂದು ಗೆರೆ ಎಳೆಯುತ್ತದೆ: ರಕ್ಷಣೆಗೆ ಬೇಕಾದದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಅಂದರೆ ಹಕ್ಕು ಎರಡೂ ಕಡೆ ಇದೆ. ಬಂದೂಕು ಹಾಸಿಗೆ ಪಕ್ಕ ಬಂದಿರುವುದು ಇಲ್ಲಿ ಮಾತ್ರ.

ಹಾಸಿಗೆ ಪಕ್ಕ ಇದ್ದರೆ ಏನಾಗುತ್ತದೆ? ಎದ್ದವನಿಗೆ ನಿದ್ದೆ ಹರಿದಿರುವುದಿಲ್ಲ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಕೈಯಲ್ಲಿ ಆಗಲೇ ಪಿಸ್ತೂಲು. ಯಾರದು ಎಂದು ಕೇಳಲು ಬೇಕಾದ ಹೊತ್ತನ್ನೇ ಅದು ಕಿತ್ತುಕೊಳ್ಳುತ್ತದೆ.

1992ರ ಅಕ್ಟೋಬರಿನಲ್ಲಿ ಬ್ಯಾಟನ್ ರೂಜ್‌ನಲ್ಲಿ ಹಾಗೇ ಆಯಿತು. ನಮ್ಮಲ್ಲಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆ ದೂರದ ಊರು. ಯೊಶಿಹಿರೊ ಹತ್ತೊರಿ ಎಂಬ 16 ವರ್ಷದ ಜಪಾನಿ ಹುಡುಗ ಅಲ್ಲಿಗೆ ಓದಲು ಬಂದಿದ್ದ. ಹ್ಯಾಲೊವೀನ್ ಪಾರ್ಟಿಗೆ ಹೊರಟು, ವಿಳಾಸ ತಪ್ಪಿ, ಬೇರೆ ಮನೆಯ ಗಂಟೆ ಒತ್ತಿದ. ಮನೆಯಾತ ಪಿಸ್ತೂಲು ಹಿಡಿದು ಬಂದು "ಫ್ರೀಜ್" ಎಂದ, ಅಂದರೆ ಅಲುಗಾಡಬೇಡ. ಆ ಮಾತು ಹುಡುಗನಿಗೆ ತಿಳಿಯದೆ ಹೋಗಿರಬೇಕು. ಪಾರ್ಟಿಗೆ ಬಂದೆ ಎನ್ನುತ್ತಾ ಮುಂದೆ ಬಂದ. ಒಂದೇ ಗುಂಡು. ಮರುವರ್ಷ ಜ್ಯೂರಿ ಮನೆಯಾತನನ್ನು ಬಿಟ್ಟಿತು. ಹುಡುಗನ ತಂದೆತಾಯಿ ಸಿವಿಲ್ ಕೋರ್ಟಿನಲ್ಲಿ ಗೆದ್ದರು, ಆರೂವರೆ ಲಕ್ಷ ಡಾಲರ್ ಪರಿಹಾರ ಎಂದಾಯಿತು. ಮಗ ಬರಲಿಲ್ಲ.

2023ರ ಏಪ್ರಿಲಿನಲ್ಲಿ ಕಾನ್ಸಸ್ ಸಿಟಿಯಲ್ಲಿ ಮತ್ತೆ 16 ವರ್ಷದ ಒಬ್ಬ ಹುಡುಗ. ತಮ್ಮಂದಿರನ್ನು ಕರೆದುಕೊಂಡು ಬರಲು 115ನೇ ಟೆರೇಸಿಗೆ ಹೋಗಬೇಕಿತ್ತು, 115ನೇ ಸ್ಟ್ರೀಟಿಗೆ ಹೋದ. ಗಂಟೆ ಒತ್ತಿದ್ದಷ್ಟೇ. 84 ವರ್ಷದ ಮುದುಕ ಗುಂಡು ಹಾರಿಸಿದ. ಹುಡುಗ ಹೇಗೋ ಬದುಕಿದ. ಎರಡೇ ದಿನಕ್ಕೆ ನ್ಯೂಯಾರ್ಕ್ ರಾಜ್ಯದ ಹೀಬ್ರನ್‌ನಲ್ಲಿ, ದಾರಿ ತಪ್ಪಿ ಯಾರದೋ ಮನೆಯ ಡ್ರೈವ್‌ವೇಗೆ ಹೋದ ಕಾರಿನಲ್ಲಿದ್ದ 20 ವರ್ಷದ ಹುಡುಗಿ ಸತ್ತಳು. ಅಲ್ಲಿ ಮನೆಯಾತನಿಗೆ 25 ವರ್ಷದಿಂದ ಜೀವಾವಧಿವರೆಗಿನ ಶಿಕ್ಷೆಯಾಯಿತು.

ಗೆಳೆಯರ ಜೊತೆ ಮಾತಾಡುವಾಗ ನಾವೆಲ್ಲ ನಮ್ಮನ್ನು ಬಾಗಿಲ ಒಳಗಡೆಯೇ ನಿಲ್ಲಿಸಿಕೊಂಡು ಯೋಚಿಸುತ್ತೇವೆ. ಬಂದೂಕು ನನ್ನ ಕೈಯಲ್ಲಿ, ಕಳ್ಳ ಹೊರಗೆ. ಆದರೆ ನಾವು ಹೊರಗಿನಿಂದ ಬಂದವರು. ನಮ್ಮ ಬಣ್ಣ ಬೇರೆ, ಉಚ್ಚಾರ ಬೇರೆ. ಆರು ತಿಂಗಳಿಗೆಂದು ಬರುವ ನಮ್ಮ ಅಪ್ಪ ಅಮ್ಮಂದಿರಿಗೆ "ಫ್ರೀಜ್" ಅಂದರೆ ತಂಗಳು ಇಡುವ ಪೆಟ್ಟಿಗೆ. ಬೇರೆಯವರ ಬಾಗಿಲ ಮುಂದೆ ನಿಂತು, ಕೇಳಿದ್ದು ಅರ್ಥವಾಗದೆ ಒಂದು ಹೆಜ್ಜೆ ಮುಂದಿಡುವವರು ನಮ್ಮವರೇ ಆಗಿರಬಹುದು ಅಲ್ವಾ?

ಅಂಕಿಗಳನ್ನೂ ನೋಡಿದೆ. 2003ರಿಂದ 2007ರವರೆಗಿನ ಸರ್ಕಾರಿ ಸಮೀಕ್ಷೆಯ ಪ್ರಕಾರ, ಮನೆಗಳ್ಳತನ ಆದಾಗ ಮನೆಯಲ್ಲಿ ಯಾರಾದರೂ ಇದ್ದದ್ದು ಸುಮಾರು 28% ಸಲ. ಮನೆಯವರ ಮೇಲೆ ಯಾವುದೋ ರೀತಿಯ ಹಲ್ಲೆ ಆದದ್ದು 7% ಸಲ. ಕಡಿಮೆ ಎಂದು ತಳ್ಳಿಹಾಕುವ ಅಂಕಿಯಲ್ಲ ಅದು. ಆದರೆ ಉಳಿದ ದಿನಗಳಲ್ಲೂ ಪಿಸ್ತೂಲು ಮನೆಯಲ್ಲೇ ಇರುತ್ತದೆ. 2022ರಲ್ಲಿ ಈ ದೇಶದಲ್ಲಿ ಗುಂಡೇಟಿನಿಂದ 48 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ 27 ಸಾವಿರ ಜನ ತಮ್ಮ ಕೈಯಾರೆ ಜೀವ ಕಳೆದುಕೊಂಡವರು. ನನಗೆ ಹದಿನಾರರ ಮಗಳಿದ್ದಾಳೆ. ಓದಿನ ಒತ್ತಡ ಇದೆ, ಕೋಪ ಇದೆ, ಬಾಗಿಲು ಹಾಕಿಕೊಂಡು ಅಳುವ ರಾತ್ರಿಗಳಿವೆ. ಎಲ್ಲ ಮಕ್ಕಳಿಗೂ ಇರುವಂಥವೇ. ಆ ಮನೆಯೊಳಗೆ ಪಿಸ್ತೂಲು ತಂದಿಡಲು ನನಗೆ ಮನಸ್ಸು ಬರಲಿಲ್ಲ. ಬೀಗ ಹಾಕಿಡಬಹುದಲ್ಲ ಎನ್ನುತ್ತಾರೆ. 17 ವರ್ಷದೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲೂ ಅಪರಾಧವೇ. ಬೀಗ ಹಾಕಲೇಬೇಕು. ಆದರೆ ಅಜ್ಜಿಯ ಸೊಂಟದ ಕೀಲಿಯ ಹಾಗೆ ಅದನ್ನು ಭದ್ರವಾಗಿ ಇಟ್ಟರೆ, ಕಳ್ಳ ನುಗ್ಗಿದ ಗಳಿಗೆಯಲ್ಲಿ ಅದು ಕೈಗೆ ಸಿಗುವುದೂ ಕಷ್ಟ.

ಇನ್ನೊಂದು ವಿಷಯ, ಇಲ್ಲಿನ ಗೋಡೆ. ನಮ್ಮ ಊರಿನ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಇಲ್ಲಿ ಕೋಣೆ ಕೋಣೆಯ ನಡುವೆ ಇರುವುದು ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಪಿಸ್ತೂಲಿನ ಗುಂಡು ಅಂಥ ಗೋಡೆಗಳನ್ನು ಸಲೀಸಾಗಿ ದಾಟುತ್ತದೆ. ನಮ್ಮ ಮೆಟ್ಟಿಲ ಮೇಲೆ ನಿಂತು ಮುಂಬಾಗಿಲಿನತ್ತ ಗುರಿ ಇಟ್ಟರೆ, ಬಾಗಿಲ ಪಕ್ಕದ ತೆಳ್ಳನೆಯ ಗೋಡೆಯ ಆಚೆ ಅಪ್ಪ ಅಮ್ಮ ಮಲಗುವ ಕೋಣೆ.

ಎಲ್ಲರಿಗೂ ಇದೇ ಸರಿ ಎಂದು ನಾನು ಹೇಳಲಾರೆ. ಪಶ್ಚಿಮ ಟೆಕ್ಸಾಸಿನ ದನ ಸಾಕುವ ದೊಡ್ಡ ಫಾರ್ಮಿನಲ್ಲಿ ಒಬ್ಬಳೇ ಇರುವ ಹೆಂಗಸಿಗೆ ಪೊಲೀಸರು ತಲುಪಲು ತುಂಬಾ ಹೊತ್ತು ಬೇಕು. ಅವಳು ಬಂದೂಕು ಇಟ್ಟುಕೊಂಡರೆ ನನಗೆ ಅರ್ಥವಾಗುತ್ತದೆ. ಕೈಗೆ ಕೈ ತಾಗುವಷ್ಟು ಹತ್ತಿರ ಮನೆಗಳಿರುವ ನಮ್ಮ ಬಡಾವಣೆಗಳ ಮಾತು ಅದಲ್ಲ. ಇಲ್ಲಿ ನಮಗೆ ಕೊರತೆ ಇರುವುದು ಬಂದೂಕಿನದ್ದಲ್ಲ. ಏಳು ವರ್ಷ ಒಂದೇ ಕಡೆ ಇದ್ದೂ, ಹಿಂದಿನ ರಸ್ತೆಯ ಆ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ಅವರಿಗೂ ನನ್ನದು ಗೊತ್ತಿರಲಿಲ್ಲ.

ಪಿಸ್ತೂಲಿಗೆ ಎಂದು ಇಟ್ಟಿದ್ದ ದುಡ್ಡಿನಲ್ಲಿ ಬಾಗಿಲ ಚೌಕಟ್ಟಿಗೆ ಉದ್ದನೆಯ ಸ್ಕ್ರೂ ಹಾಕಿಸಿದೆ, ಗಟ್ಟಿ ಚಿಲಕ, ಹಿತ್ತಲಿಗೆ ದೀಪ, ಒಂದು ಕ್ಯಾಮೆರಾ. ಒಡವೆ ಬ್ಯಾಂಕ್ ಲಾಕರಿಗೆ ಹೋಯಿತು. ಈ ಸಲ ಅಪ್ಪ ಬಂದ ಮರುದಿನವೇ ಅವರನ್ನು ಕರೆದುಕೊಂಡು ಆಚೀಚೆಯ ಆರು ಮನೆಗಳಿಗೆ ಹೋಗಿ ಪರಿಚಯ ಮಾಡಿಸಿದೆ. ಅಪ್ಪನ ಜೇಬಿನಲ್ಲಿ ವಿಳಾಸದ ಚೀಟಿ ಇದೆ. ಮಂಕಿ ಟೋಪಿಯ ಬದಲು ಬಿಳಿ ಮಫ್ಲರ್ ಕೊಡಿಸಿದೆ. ಮೊದಲು ಒಪ್ಪಲಿಲ್ಲ.

ಕೊನೆಯದಾಗಿ ಹೋದದ್ದು ಆ ಹಿಂದಿನ ರಸ್ತೆಯ ಮನೆಗೆ. ಅವರ ಹತ್ತಿರ ಬಂದೂಕು ಇದೆ ಎಂದು ಅಪ್ಪನಿಗೆ ಆಗಲೇ ಹೇಳಿದ್ದೆ. ಕಾಫಿ ಕುಡಿಯುತ್ತಾ ಅಪ್ಪ ನನ್ನ ಕಡೆ ತಿರುಗಿ, "ಇಲ್ಲಿ ಹಂದಿ ಕಾಟ ಜಾಸ್ತಿಯಾ ಅಂತ ಕೇಳು" ಎಂದರು. ಕೇಳಿದೆ. ಟೆಕ್ಸಾಸಿನಲ್ಲಿ ಕಾಡುಹಂದಿ ನಿಜಕ್ಕೂ ದೊಡ್ಡ ಕಾಟ. ಆ ಮನುಷ್ಯನ ಅಣ್ಣನಿಗೆ ಜೋಳದ ಹೊಲ ಇದೆಯಂತೆ. ಇಬ್ಬರೂ ಒಂದೂವರೆ ಗಂಟೆ ಹಂದಿಯ ಬಗ್ಗೆಯೇ ಮಾತಾಡಿದರು, ನಾನು ನಡುವೆ ಕೂತು ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೇಳುತ್ತಾ ಹೋದೆ.